ಸಣ್ಣ ರೋಮನ್ ಕಾಸು: ಯಾವ ರಾಜನದು, ತೊಳೆಯೋದು ಹೇಗೆ?

ಶಿರಾ ಸೊಸೆ: ನಮ್ಮ ಮಾವ ಕರೂರಿನಲ್ಲಿ ನೌಕರಿಯಲ್ಲಿದ್ದಾಗ ಹಳೇ ಸಾಮಾನಿನವನ ಹತ್ತಿರ ತಗೊಂಡ ಕಾಸು ಇದು. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಒಂದು ಕಡೆ ಮುತ್ತಿನ ಪಟ್ಟಿ ಕಟ್ಟಿದ ತಲೆ. ಇನ್ನೊಂದು ಕಡೆ ರೆಕ್ಕೆಯ ಹೆಂಗಸು ಯಾರನ್ನೋ ದರದರ ಎಳೆದುಕೊಂಡು ಹೋಗುತ್ತಿದ್ದಾಳೆ! ಮೇಲೆಲ್ಲಾ ಹಸಿರು, ಮಣ್ಣು. ಅತ್ತೆ "ಹುಣಸೆಹುಳಿ ಹಚ್ಚಿ ತಿಕ್ಕು, ಫಳಫಳ ಅನ್ನುತ್ತೆ" ಅಂತಾರೆ. ತಿಕ್ಕಲಾ?

ಚಿಂತಾಮಣಿಯವ: ಬೇಡ ಅಕ್ಕ! ಹುಳಿ ಆ ಹಸಿರು ಪದರವನ್ನೇ ತಿನ್ನುತ್ತೆ. ಅದರ ಜೊತೆ ಅಕ್ಷರವೂ ಹೋಗುತ್ತೆ.

ಕೋಲಾರದ ಕಾಸಿನವ: ರೆಕ್ಕೆಯವಳು ವಿಕ್ಟೋರಿಯಾ, ಗೆಲುವಿನ ದೇವತೆ. ಎಳೆಸಿಕೊಳ್ಳುತ್ತಿರುವವನು ಸೆರೆಯಾಳು. ಸುತ್ತ 'ಸಾಲುಸ್ ರೇಯಿಪುಬ್ಲಿಕೇ' ಅಂತ ಇರುತ್ತೆ, ಅಂದರೆ ರಾಜ್ಯದ ಕ್ಷೇಮ. ಪಾಪ, ಆ ಸೆರೆಯಾಳಿನ ಕ್ಷೇಮ ಯಾರು ಕೇಳಿದರು! ಎಡಗಡೆ ಎಕ್ಸ್ ಮೇಲೆ ಪಿ ಬರೆದಂತೆ ಕಂಡರೆ ಅದು ಕ್ರಿಸ್ತನ ಗುರುತು. ಹಳೇ ದೇವತೆ, ಹೊಸ ಧರ್ಮ ಎರಡೂ ಒಂದೇ ಕಾಸಿನಲ್ಲಿ. ಈ ಅಚ್ಚು ನನಗೆ ಇಷ್ಟವಾಗುವುದೇ ಅದಕ್ಕೆ.

ಕ್ರಿ.ಶ. 388ರ ಹೊತ್ತಿಗೆ ಶುರುವಾದ ಅಚ್ಚು. ಮುಖ ನೋಡಿ ರಾಜನನ್ನು ಹೇಳಲು ಹೋಗಬೇಡಿ. ಆಗ ಎಲ್ಲರಿಗೂ ಒಂದೇ ಮುಖ ಒತ್ತುತ್ತಿದ್ದರು. ತಲೆಯ ಹಿಂದೆ 'ಡಿ ಎನ್' ಹುಡುಕಿ (ಲ್ಯಾಟಿನ್‌ನಲ್ಲಿ 'ನಮ್ಮ ಒಡೆಯ' ಅನ್ನೋದರ ಮೊದಲಕ್ಷರಗಳು), ಅದರ ಮುಂದಿನ ಅಕ್ಷರ ನೋಡಿ. ವಿ ಅಂದರೆ ಎರಡನೇ ವ್ಯಾಲೆಂಟಿನಿಯನ್, ಟಿ ಅಂದರೆ ಥಿಯೊಡೋಸಿಯಸ್, ಎ ಅಂದರೆ ಅರ್ಕಾಡಿಯಸ್, ಎಚ್ ಅಂದರೆ ಹೊನೋರಿಯಸ್. ಅಕ್ಷರದ ಜಾಗದಲ್ಲಿ ಬರೀ ಗೀರುಗಳಿದ್ದರೆ ನಕಲು ಇರಬಹುದು. ಬೇಜಾರಾಗಬೇಡಿ. ಶ್ರೀಲಂಕಾದಲ್ಲಿ, ತಮಿಳುನಾಡಿನಲ್ಲಿ ಆ ಕಾಲದಲ್ಲೇ ಇಂಥವನ್ನು ನೋಡಿಕೊಂಡು ಮಾಡುತ್ತಿದ್ದರು.

ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ. ನಮ್ಮ ಕಡೆಯ ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಮಣ್ಣು ಮೆತ್ತಗಾದ ಮೇಲೆ ಬಿದಿರು ಕಡ್ಡಿಯಿಂದ ಬಿಡಿಸಿ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕಂಚಿನ ರೋಗ, ಲೋಹವನ್ನೇ ತಿನ್ನುತ್ತೆ. ಬೇರೆ ಕಾಸುಗಳಿಂದ ದೂರ ಇಡಿ, ತೇವ ತಾಕಿಸಬೇಡಿ.

ತುಮಕೂರು ತಾತ: ರೋಮನ್ ಅಂದ ತಕ್ಷಣ ಲಕ್ಷದ ಕನಸು ಕಾಣಬೇಡಮ್ಮ. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕಿದ್ದು ರೋಮನ್ ದೊರೆಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ. ಅದರ ಲೆಕ್ಕ ಬೇರೆ. ನಿನ್ನದು ಚಿಲ್ಲರೆ ಕಾಸು, ರಾಶಿ ರಾಶಿ ಒತ್ತಿದ್ದು.

ಶಿರಾ ಸೊಸೆ: ಮಾರೋಕಲ್ಲ ತಾತ, ಸುಮ್ನೆ ಕುತೂಹಲ. ಭೂತಗನ್ನಡಿ ಹಿಡಿದು ನೋಡಿದೆ. ಡಿ ಎನ್ ಆದ ಮೇಲೆ ಎ, ಆರ್ ಇದೆ. ಹಿಂದುಗಡೆ ಗೆರೆಯ ಕೆಳಗೆ ಎ ಎನ್ ಟಿ, ಆಮೇಲೆ ಸವೆದಿದೆ.

ಕೋಲಾರದ ಕಾಸಿನವ: ಹಾಗಾದರೆ ಅರ್ಕಾಡಿಯಸ್. ಎ ಎನ್ ಟಿ ಅಂದರೆ ಈಗಿನ ಟರ್ಕಿಯಲ್ಲಿರುವ ಅಂತಿಯೋಕ್ ಊರಿನ ಟಂಕಸಾಲೆ. ಒಣಗಿದ ಮೇಲೆ ಚಿನ್ನದ ಅಂಗಡಿಯಲ್ಲಿ ತೂಕ ಹಾಕಿಸಿ. ಒಂದು, ಒಂದೂವರೆ ಗ್ರಾಂ ಆಸುಪಾಸು ಬರಬೇಕು.