ನೆಬುಲೈಸರ್ ಮದ್ದು ನಿಜವಾಗಿ ಎದೆಯೊಳಗೆ ಹೋಗ್ತದಾ? ಅಪ್ಪನಿಗೆ ನಂಬಿಕೆ ಇಲ್ಲ

ನೀರ್ಚಾಲಿನ ಮಗಳು:
ಅಪ್ಪನಿಗೆ 71 ವರ್ಷ. ಅಡಿಕೆ ತೋಟ ನೋಡಿಕೊಂಡಿದ್ದಾರೆ. ಹಿಂದೊಮ್ಮೆ ಟಿಬಿ ಬಂದು ಗುಣವಾಗಿತ್ತು, ಆದರೆ ಶ್ವಾಸಕೋಶದಲ್ಲಿ ಕಲೆ ಉಳಿದಿದೆ. ಮಳೆಗಾಲದ ಆಟಿ ತಿಂಗಳು ಬಂತೆಂದರೆ ಹಸಿರು ಕಫ, ಜ್ವರ. ಕಳೆದ ವರ್ಷ ನಾಲ್ಕು ಸಲ ಮಂಗಳೂರಿಗೆ ಓಡಿದೆವು.

ಈ ಸಲ ಕಫದ ಕಲ್ಚರ್ ಮಾಡಿ, ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಕೂತಿದೆ ಅಂದರು. ಮದ್ದನ್ನು ಮಂಜು ಮಾಡುವ ನೆಬುಲೈಸರ್ ಯಂತ್ರದಲ್ಲಿ ಎಳೆದುಕೊಳ್ಳುವ ಟೋಬ್ರಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಬರೆದರು. ದಿನಕ್ಕೆ ಎರಡು ಸಲ, 28 ದಿನ ತೆಗೆದುಕೊಂಡು 28 ದಿನ ಬಿಡಬೇಕು. ಮೊದಲ ಸಲ ಅಲ್ಲೇ ಕೂರಿಸಿ ಕೊಟ್ಟು, ಉಬ್ಬಸ ಬರುತ್ತದಾ ಅಂತ ನೋಡಿ ಕಳಿಸಿದರು.

ಮನೆಯಲ್ಲಿ ಕಷ್ಟ. ಅಪ್ಪ ಜಗಲಿಯಲ್ಲಿ ಒರಗಿ ಕೂತು ಮಾಸ್ಕ್ ಹಿಡಿದುಕೊಳ್ಳುತ್ತಾರೆ. ಅರ್ಧ ಮಂಜು ಅಂಚಿನಿಂದ ಹೊರಗೆ ಬಂದು ಕನ್ನಡಕಕ್ಕೆ ಹತ್ತುತ್ತದೆ. "ಮಾತ್ರೆಯಾದರೆ ನುಂಗಿದ್ದು ಗೊತ್ತಾಗ್ತದೆ. ಇದು ಸುಮ್ನೆ ಹೊಗೆ" ಅಂತಾರೆ. ಯಂತ್ರದ ಜೊತೆ ಬಂದ ಕಾಗದ ಮಲಯಾಳದಲ್ಲಿದೆ, ನನಗೆ ಓದಲು ಬರುವುದಿಲ್ಲ. ಇನ್ನೊಂದು: ಸೂಜಿ ಕಂಡರೆ ಅವರಿಗೆ ಹೆದರಿಕೆ. ಫ್ಲೂ ಲಸಿಕೆಯನ್ನೂ ಹೀಗೆ ಉಸಿರಿನಲ್ಲೇ ಕೊಡಲು ಆಗುವುದಿಲ್ವಾ?

ಉಪ್ಪಳದ ನರ್ಸ್:
ಅಕ್ಕಾ, ಅಪ್ಪನಿಗೆ ಅಡಿಕೆಗೆ ಮದ್ದು ಬಿಡುವ ಲೆಕ್ಕದಲ್ಲೇ ಹೇಳಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮರದ ಬುಡಕ್ಕೆ ಸುರಿದರೆ ಆಗುತ್ತದಾ? ಗೊನೆಗೇ ತಾಗಬೇಕು, ಹನಿ ಸಣ್ಣಗಿರಬೇಕು. ಇದೂ ಹಾಗೆಯೇ. ಮಂಜಿನ ಹನಿ 1ರಿಂದ 5 ಮೈಕ್ರಾನ್ ಇದ್ದರೆ ಮಾತ್ರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ದಪ್ಪ ಹನಿ ಗಂಟಲಿನಲ್ಲೇ ಅಂಟುತ್ತದೆ. ಟೋಬ್ರಾಮೈಸಿನ್ ಮಾತ್ರೆಯಾಗಿ ನುಂಗಿದರೆ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ಇಂಜೆಕ್ಷನ್‌ನಲ್ಲಿ ಜಾಸ್ತಿ ದಿನ ಕೊಟ್ಟರೆ ಕಿಡ್ನಿಗೆ, ಕಿವಿಗೆ ಪೆಟ್ಟು. ಉಸಿರಿನಲ್ಲಿ ಕೊಟ್ಟರೆ ಬೇಕಾದ ಜಾಗಕ್ಕೆ ತುಂಬ ಸಿಗುತ್ತದೆ, ರಕ್ತಕ್ಕೆ ಹೋಗುವುದು ಸ್ವಲ್ಪವೇ.

ಮಾಸ್ಕ್ ಬಿಡಿಸಿ. ಮಾಸ್ಕ್‌ನಲ್ಲಿ ಮೂಗಿನಿಂದ ಎಳೆದರೆ ತುಂಬ ಮದ್ದು ಮೂಗಿನಲ್ಲೇ ಉಳಿಯುತ್ತದೆ. ಬಾಯಿಗೆ ಇಟ್ಟುಕೊಳ್ಳುವ ಮೌತ್‌ಪೀಸ್ ಹಾಕಿ. ಒರಗದೆ ನೆಟ್ಟಗೆ ಕೂತು, ಬಾಯಿಂದ ನಿಧಾನ ಉಸಿರು. ಶ್ವಾಸನಾಳ ಅಗಲ ಮಾಡುವ ಮದ್ದು ಬರೆದಿದ್ದರೆ ಅದು ಮೊದಲು, ಆಮೇಲೆ ಕಫ ತೆಗೆಸಿ, ಕೊನೆಗೆ ಟೋಬ್ರಾಮೈಸಿನ್. ನೆಬುಲೈಸರಿನ ಮದ್ದು ಹಾಕುವ ಕಪ್ಪಿನಲ್ಲಿ ಎರಡನ್ನೂ ಒಟ್ಟಿಗೆ ಬೆರೆಸಬೇಡಿ. ಕಿವಿಯಲ್ಲಿ ಗುಂಯ್ ಅಂತ ಸದ್ದು ಬಂದರೆ ಡಾಕ್ಟರಿಗೆ ತಿಳಿಸಿ.

ಕಪ್ಪನ್ನು ಪ್ರತಿಸಲ ತೊಳೆದು ಪೂರ್ತಿ ಒಣಗಿಸಿ. ನಮ್ಮ ಮಳೆಗಾಲದಲ್ಲಿ ಒದ್ದೆ ಕಪ್ಪಿನಲ್ಲೂ ಇದೇ ಸ್ಯೂಡೋಮೊನಾಸ್ ಬೆಳೆಯುತ್ತದೆ. ಕಪ್ಪಿನೊಳಗೆ ಬಿಳಿ ಪೊರೆ ಕಟ್ಟಿದ ಮೇಲೂ ಬಳಸುತ್ತಿದ್ದ ಒಂದು ಮನೆ ನೋಡಿದ್ದೇನೆ. ತುಂಬ ಬೇಜಾರಾಯಿತು.

ಬದಿಯಡ್ಕದ ಮೇಷ್ಟ್ರು:
ಲಸಿಕೆಯ ವಿಷಯ ನಾನು ಹೇಳುತ್ತೇನೆ. ಉಸಿರಿನ ರೋಗ ಒಳಗೆ ಬರುವುದು ಮೂಗು, ಗಂಟಲಿನ ದಾರಿಯಲ್ಲಿ. ಅಲ್ಲಿನ ಒಳಪೊರೆಯಲ್ಲಿ ಐಜಿಎ ಎಂಬ ಪ್ರತಿಕಾಯ ಕಾವಲು ಇರುತ್ತದೆ. ತೋಳಿನ ಸೂಜಿ ರಕ್ತದಲ್ಲಿ ಬಲ ತರುತ್ತದೆ, ಬಾಗಿಲಲ್ಲಿ ಅಷ್ಟಾಗಿ ಅಲ್ಲ. ಅದಕ್ಕೇ ಈ ದಾರಿಯ ಪ್ರಯತ್ನ. ಭಾರತ್ ಬಯೋಟೆಕ್‌ನ ಕೋವಿಡ್ ಲಸಿಕೆ ಇನ್‌ಕೋವ್ಯಾಕ್ 2023ರ ಜನವರಿ 26ಕ್ಕೆ ಬಿಡುಗಡೆಯಾಯಿತು. ಪ್ರತಿ ಮೂಗಿನ ಹೊಳ್ಳೆಗೆ ನಾಲ್ಕು ಹನಿ, ಅಷ್ಟೇ. ಚೀನಾದಲ್ಲಿ 2022ರಲ್ಲಿ ಬಾಯಿಂದ ಎಳೆದುಕೊಳ್ಳುವ ಕೋವಿಡ್ ಲಸಿಕೆಗೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಸೂಜಿಯಲ್ಲಿ ಕೊಡುವ ಡೋಸಿನ ಐದನೇ ಒಂದು ಪಾಲು ಸಾಕು.

ಆದರೆ ಎಲ್ಲವೂ ಗೆದ್ದಿಲ್ಲ. ಪುಣೆ ಸುತ್ತಿನ ಹಳ್ಳಿಗಳಲ್ಲಿ 2,004 ಮಕ್ಕಳ ಮೇಲೆ ದಡಾರದ ಲಸಿಕೆಯನ್ನು ಪರೀಕ್ಷಿಸಿದರು. ಅರ್ಧದಷ್ಟು ಮಕ್ಕಳಿಗೆ ಮಂಜಾಗಿ, ಉಳಿದವರಿಗೆ ಸೂಜಿಯಲ್ಲಿ. 2015ರಲ್ಲಿ ಫಲಿತಾಂಶ ಬಂತು. ಮಂಜಿನಲ್ಲಿ ಶೇ. 85.4, ಸೂಜಿಯಲ್ಲಿ ಶೇ. 94.6 ಮಕ್ಕಳಲ್ಲಿ ಪ್ರತಿಕಾಯ ಕಾಣಿಸಿತು. ಸೂಜಿಯೇ ಮೇಲಾಯಿತು. ಫ್ಲೂಗೆ ಮೂಗಿನ ಸ್ಪ್ರೇ ಇದೆ, ಆದರೆ ಅಮೆರಿಕದಲ್ಲಿ ಅದು 2ರಿಂದ 49 ವರ್ಷದವರಿಗೆ. 71ರ ಅಪ್ಪನಿಗೆ ಸೂಜಿಯೇ. ನ್ಯೂಮೋನಿಯಾ ಲಸಿಕೆಯನ್ನೂ ಡಾಕ್ಟರ್ ಹತ್ತಿರ ಕೇಳಿ. ಸೂಜಿ ಹಾಕುವಾಗ ಕೈ ಹಿಡಿದುಕೊಳ್ಳಿ, ಅಪ್ಪ ಆ ಕಡೆ ನೋಡಲಿ.

ನೀರ್ಚಾಲಿನ ಮಗಳು:
ಇಬ್ಬರಿಗೂ ನಮಸ್ಕಾರ. ಮೌತ್‌ಪೀಸ್ ಯಂತ್ರದ ಪೆಟ್ಟಿಗೆಯಲ್ಲೇ ಇತ್ತು, ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಬೋರ್ಡೋ ಮಾತು ಹೇಳಿದ್ದೇ ಅಪ್ಪ ತಲೆಯೆತ್ತಿ ನೋಡಿದರು. "ಹಾಗಾದರೆ ಪಂಪಿನ ನೋಜಲ್ ಸರಿ ಇರಬೇಕಲ್ವಾ?" ಅಂತ ಕಪ್ಪನ್ನು ಬಿಚ್ಚಿ ತಾವೇ ತೊಳೆದರು. ಈಗ ಅದು ಒಲೆಯ ಹತ್ತಿರ ಬಿಳಿ ಬಟ್ಟೆಯ ಮೇಲೆ ಒಣಗುತ್ತಿದೆ.