ಪ್ಲಾಯಾ ದೆಲ್ ಕಾರ್ಮೆನ್‌ನಿಂದ ಮಾಯಾ ಅವಶೇಷಗಳು: ಎರಡು ದಿನದಲ್ಲಿ ಮೂರು ಜಾಗ ಆಗುತ್ತಾ?

ಪ್ರಶ್ನೆ:
ಜುಲೈನಲ್ಲಿ ಮೆಕ್ಸಿಕೋದ ಪ್ಲಾಯಾ ದೆಲ್ ಕಾರ್ಮೆನ್‌ನಲ್ಲಿ ಉಳಿಯುತ್ತೇವೆ. ಸಮುದ್ರ ಬಿಟ್ಟು ಎರಡು ದಿನ ಸಿಗುತ್ತದೆ. ತುಲುಮ್, ಕೊಬಾ, ಚಿಚೆನ್ ಇಟ್ಜಾ ಮೂರೂ ನೋಡಬಹುದೇ? ಬಾಡಿಗೆ ಕಾರಿದೆ. ಜೊತೆಗೆ ಮಂಡಿನೋವಿರುವ ಅತ್ತೆ, ಎಂಟು ವರ್ಷದ ಮಗ ಇರ್ತಾರೆ.

ಉತ್ತರ 1:
ಆಗುತ್ತೆ. ತುಲುಮ್, ಕೊಬಾ ಒಂದು ದಿನ (ನಡುವೆ ಸುಮಾರು 45 ಕಿ.ಮೀ.), ಚಿಚೆನ್ ಇಟ್ಜಾಗೆ ಇನ್ನೊಂದು ಪೂರ್ತಿ ದಿನ.

ಚಿಚೆನ್ ಇಟ್ಜಾ ವಿಷಯದಲ್ಲಿ ಎಡವಟ್ಟಾಗೋದು ಗಡಿಯಾರದಿಂದ. ನೀವಿರುವ ಕಿಂತಾನಾ ರೋ ರಾಜ್ಯಕ್ಕಿಂತ ಯುಕಾಟಾನ್ ಒಂದು ಗಂಟೆ ಹಿಂದೆ. ಗೇಟು ತೆಗೆಯೋದು ಅಲ್ಲಿನ 8ಕ್ಕೆ, ಅಂದರೆ ನಿಮ್ಮ ಹೋಟೆಲಿನ 9. ಎರಡೂವರೆ ಗಂಟೆ ದಾರಿ ಅಂತ ಹಿಡಿದು ಆರೂವರೆಗೆ ಹೊರಟರೆ ಗೇಟು ತೆಗೆಯುವ ಹೊತ್ತಿಗೆ ಅಲ್ಲಿರುತ್ತೀರಿ. ಬರುವಾಗ ಆ ಒಂದು ಗಂಟೆ ಕೈಬಿಡುತ್ತೆ: ಅಲ್ಲಿ 3ಕ್ಕೆ ಹೊರಟರೆ ಪ್ಲಾಯಾದಲ್ಲಿ ಆರೂವರೆ. ರಾತ್ರಿ ಊಟಕ್ಕೆ ಟೇಬಲ್ ಕಾಯ್ದಿರಿಸುವವರು ಇದನ್ನೇ ಮರೆಯೋದು.

ಟಿಕೆಟ್ ಎರಡು ಭಾಗ: ರಾಜ್ಯ ಸರ್ಕಾರದ್ದೊಂದು, ಕೇಂದ್ರದ ಪುರಾತತ್ವ ಸಂಸ್ಥೆಯದೊಂದು. ಎರಡನ್ನೂ ಒಳಗೆ ಹೋಗುವವರೆಗೆ ಜೋಪಾನ ಮಾಡಿ. ಪೆಸೊ ನಗದು ಇಟ್ಟುಕೊಳ್ಳಿ, ಟೋಲ್‌ಗೂ ಬೇಕು. ಭಾನುವಾರ ಬೇಡ, ಮೆಕ್ಸಿಕೋ ಪ್ರಜೆಗಳಿಗೆ ಅಂದು ಪುರಾತತ್ವ ಶುಲ್ಕವಿಲ್ಲ, ಜಾತ್ರೆಯಷ್ಟು ಜನ.

ಎಲ್ ಕಾಸ್ತಿಯೊ ಪಿರಮಿಡ್ ಹತ್ತಲು ಬಿಡಲ್ಲ, ಹಾಗಾಗಿ ಅತ್ತೆಯವರಿಗೆ ಅಲ್ಲಿ ಏನೂ ತಪ್ಪಿಹೋಗಲ್ಲ. ನಾಲ್ಕು ಕಡೆ 91ರಂತೆ ಮೆಟ್ಟಿಲು, ಮೇಲಿನದೂ ಸೇರಿ 365. ಮಗನಿಗೆ ಉತ್ತರದ ಮೆಟ್ಟಿಲ ಬುಡದಲ್ಲಿರುವ ಹಾವಿನ ತಲೆಗಳನ್ನು ತೋರಿಸಿ, ಎದುರಿಗೆ ನಿಂತು ಜೋರಾಗಿ ಚಪ್ಪಾಳೆ ಹೊಡೆಯೋಕೆ ಹೇಳಿ. ಹಿಂತಿರುಗುವ ಪ್ರತಿಧ್ವನಿ ಹಕ್ಕಿ ಚಿಲಿಪಿಲಿಯ ಹಾಗೆ ಕೇಳುತ್ತೆ.

ಉತ್ತರ 2:
ತುಲುಮ್‌ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ನೆರಳು ಬಹಳ ಕಡಿಮೆ. ಸುಮಾರು 12 ಮೀಟರ್ ಎತ್ತರದ ಬಂಡೆಯ ಮೇಲಿದೆ, ಸಮುದ್ರದ ಕಡೆ ಬಿಟ್ಟು ಮೂರು ಕಡೆ ಕೋಟೆಗೋಡೆ. ಗೋಡೆಯ ದ್ವಾರಗಳು ಕಿರಿದು, ಗುಂಪು ಬಂದರೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಈಗ ಅವಶೇಷಗಳ ಸುತ್ತಲಿನ ಹಾಗ್ವಾರ್ (ಜಾಗ್ವಾರ್) ರಾಷ್ಟ್ರೀಯ ಉದ್ಯಾನದ ಶುಲ್ಕವೂ ಬೇರೆ ಇದೆ. ರಸ್ತೆಯಲ್ಲಿ ಕೈ ಅಡ್ಡ ಹಿಡಿದು "ಪಾರ್ಕಿಂಗ್ ಇಲ್ಲೇ" ಅನ್ನುವವರೆಲ್ಲ ಅಧಿಕೃತರಲ್ಲ, ಫಲಕ ನೋಡಿ ಮುಂದೆ ಹೋಗಿ.

ಕೆಳಗಿನ ಬೀಚನ್ನೇ ನಂಬಿ ಹೋಗಬೇಡಿ. ಜುಲೈ ಸರ್ಗಾಸೊ ಕಡಲಪಾಚಿಯ ಕಾಲ. ದಡದಲ್ಲಿ ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ. ಈಜಬೇಕಿದ್ದರೆ ಸೆನೋಟೆಗೆ (ಸುಣ್ಣಕಲ್ಲು ಕುಸಿದು ಆದ ಸಿಹಿನೀರಿನ ಹೊಂಡ) ಹೋಗಿ. ಇಳಿಯುವ ಮೊದಲು ಸ್ನಾನ ಮಾಡಿಸುತ್ತಾರೆ, ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯುವಂತಿಲ್ಲ. ತುಂಬುತೋಳಿನ ಈಜುಡುಪು ಒಯ್ದರೆ ತಲೆನೋವಿಲ್ಲ.

ಉತ್ತರ 3:
ಕೊಬಾವನ್ನು ಮಧ್ಯಾಹ್ನಕ್ಕೆ ಇಡಿ, ಕಾಡಿನ ನೆರಳಿದೆ. ನೊಹೋಚ್ ಮುಲ್ ಪಿರಮಿಡ್ 42 ಮೀಟರ್, ಗೇಟಿನಿಂದ ಎರಡು ಕಿ.ಮೀ. ಹತ್ತಿರ. ಮಂಡಿನೋವಿಗೆ ಅದು ದೂರವೇ. ಒಳಗೆ ಬಾಡಿಗೆ ಸೈಕಲ್ ಸಿಗುತ್ತೆ. ಅತ್ತೆಯವರಿಗೆ ಚಾಲಕನೇ ತುಳಿಯುವ ಮೂರು ಗಾಲಿಯ ಸೈಕಲ್ ಹಿಡಿಯಿರಿ, ಇಬ್ಬರು ಕೂರಬಹುದು. ಹೋಗಿಬರುವ ಬಾಡಿಗೆ, ಅಲ್ಲಿ ಕಾಯುವ ಹೊತ್ತು ಎರಡನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಸೊಳ್ಳೆ ಮುಲಾಮು ಮರೆಯಬೇಡಿ. ಒಂದೇ ದಿನ ಸಿಕ್ಕರೆ ನನ್ನ ಓಟು ತುಲುಮ್–ಕೊಬಾಗೆ, ಚಿಚೆನ್ ಇಟ್ಜಾಗಲ್ಲ.