ತ್ರೀ ಫೇಸ್ ಮಾಡಿಸ್ಲಿಕ್ಕೆ 24 ಸಾವಿರವಾ, 68 ಸಾವಿರವಾ? – ಮಂಗಳೂರು ಕಾವೂರಿನ ನಮ್ಮ ಅಡ್ಡರಸ್ತೆಯವರ ಗುಂಪು

7ನೇ ಮನೆ: ಎಲ್ಲರಿಗೂ ನಮಸ್ಕಾರ. ಮಗ ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದಾನೆ. ಮನೆಗೆ ಒಂದೇ ಲೈನಿನ ಸಿಂಗಲ್ ಫೇಸ್ ಬದಲು ಮೂರು ಲೈನಿನ ತ್ರೀ ಫೇಸ್ ಕರೆಂಟ್ ಮಾಡಿಸುವಾ ಅಂತ ಮೂರು ಜನ ಎಲೆಕ್ಟ್ರಿಷಿಯನ್‌ಗಳ ಹತ್ರ ಕೇಳಿದೆ. ಒಬ್ಬರು 24 ಸಾವಿರ, ಒಬ್ಬರು 41, ಇನ್ನೊಬ್ಬರು 68. ಅದೇ ಮನೆ, ಅದೇ ಕಂಬ! ಎಂತ ಲೆಕ್ಕ ಮಾರಾಯ್ರೆ ಇದು? ಬೇರೆ ಯಾರಿಗಾದ್ರೂ ಮಾಡಿಸ್ಲಿಕ್ಕೆ ಉಂಟಾ? ನಾಲ್ಕೈದು ಮನೆ ಒಟ್ಟಾದರೆ ಮಾತಾಡ್ಲಿಕ್ಕೆ ಒಂದು ಬಲ.

3ನೇ ಮನೆ (ಟೀಚರ್): ನಮ್ಮದೂ ಸೇರಿಸಿ. ರಾತ್ರಿ ಎಂಟಾಯ್ತು ಅಂದ್ರೆ ಸ್ಟೆಬಿಲೈಸರ್ ಟಕ್ ಟಕ್ ಟಕ್. ಎಸಿ ಇದ್ದೂ ಬೀಸಣಿಗೆಯೇ ಗತಿ.

9ನೇ ಮನೆ: 24ರವರಿಗೇ ಕೊಟ್ಟುಬಿಡಿ ಶೆಟ್ರೇ, ಇದರಲ್ಲಿ ಎಂತ ಯೋಚನೆ?

14ನೇ ಮನೆ: ನಾನು ಇದೇ ಕೆಲಸದವ, ಎಲ್ಲರಿಗೂ ಗೊತ್ತುಂಟು. ಮೊದಲೇ ಹೇಳ್ತೇನೆ, ನಾನು ಕೊಟೇಶನ್ ಕೊಡುದಿಲ್ಲ. ನೆರೆಕರೆಯಲ್ಲಿ ದುಡ್ಡಿನ ಮಾತು ಬೇಡ. ಆದರೆ ಲೆಕ್ಕ ಹೇಗೆ ಹಾಕುದು ಅಂತ ಹೇಳಬಹುದು. ಶೆಟ್ರೇ, 24ರವರು ಮನೆಗೆ ಬಂದು ನೋಡಿದ್ದಾರಾ?

7ನೇ ಮನೆ: ಇಲ್ಲ, ಫೋನಲ್ಲೇ ಹೇಳಿದ್ದು.

14ನೇ ಮನೆ: ಅಲ್ಲೇ ಇರುದು ವಿಷಯ. ಫೋನಲ್ಲಿ ಹೇಳುವ ರೇಟು ಹೆಚ್ಚಾಗಿ ಮೀಟರ್ ಬೋರ್ಡಿನವರೆಗೆ ಮಾತ್ರ. ಕೆಲಸ ಅರ್ಧ ಆದ ಮೇಲೆ "ಡಿಬಿ (ಮನೆಯೊಳಗೆ ಕರೆಂಟ್ ಹಂಚುವ ಸ್ವಿಚ್ ಪೆಟ್ಟಿಗೆ) ಹಳತು", "ಅರ್ಥಿಂಗ್ (ಸುರಕ್ಷತೆಗೆ ನೆಲಕ್ಕೆ ಕೊಡುವ ಸಂಪರ್ಕ) ಹೋಗಿದೆ" ಅಂತ ಒಂದೊಂದೇ ಏರ್ತಾ ಹೋಗ್ತದೆ. ಆಗ ನೀವು ಬೇಡ ಅನ್ನುವ ಹಾಗೂ ಇಲ್ಲ, ಗೋಡೆ ಒಡೆದು ಆಗಿದೆ!

ಮನೆ ಮನೆಗೆ ರೇಟು ಬೇರೆ ಆಗುದು ಇದಕ್ಕೆ: ಕಂಬದಿಂದ ಮೀಟರಿಗೆ ಎಷ್ಟು ದೂರ, ಮೀಟರಿಂದ ಡಿಬಿಗೆ ಎಷ್ಟು ದೂರ. ಕೇಬಲಿನ ದಪ್ಪ 6 ಸ್ಕ್ವೇರಾ 10 ಸ್ಕ್ವೇರಾ (ಅಂದ್ರೆ ಚದರ ಮಿ.ಮೀ.), ತಾಮ್ರವಾ ಅಲ್ಯೂಮಿನಿಯಮ್ಮಾ. ಹಳೇ ಪೈಪಲ್ಲಿ ವೈರು ಎಳೀಲಿಕ್ಕೆ ಆಗ್ತದಾ, ಗೋಡೆ ಕೊರೀಬೇಕಾ. ಮತ್ತೆ ಅರ್ಥಿಂಗ್. ನಮ್ಮಲ್ಲಿ ಎರಡಡಿ ಅಗೆದರೆ ಮುರಕಲ್ಲು, ಕೆಂಪು ಗಟ್ಟಿ ಕಲ್ಲು. ಗುಂಡಿ ತೆಗೀಲಿಕ್ಕೇ ಇಬ್ಬರಿಗೆ ಒಂದು ದಿನ ಬೇಕು. ಮುರಕಲ್ಲು ಬೇಸಿಗೆಯಲ್ಲಿ ಒಣಗಿದರೆ ಅರ್ಥ್ ಸರಿ ಸಿಗುದಿಲ್ಲ, ಅದಕ್ಕೇ ಇದ್ದಿಲು, ಉಪ್ಪು ಹಾಕಿ ನೀರು ಬಿಡುದು. ಸಮುದ್ರದ ಗಾಳಿಗೆ ಕಬ್ಬಿಣದ ಪಟ್ಟಿ ತುಕ್ಕು ಹಿಡೀತದೆ, ಅದನ್ನೂ ನೋಡಬೇಕು. 68ರವರು ಎರಡು ಅರ್ಥಿಂಗ್ ಬರೆದಿದ್ದರೆ ಅದು ಸುಲಿಗೆ ಅಲ್ಲ. ತ್ರೀ ಫೇಸಿಗೆ ನಾನೂ ಹಾಗೇ ಬರೆಯುದು.

7ನೇ ಮನೆ: ಹೌದು, ಎರಡು ಅಂತಲೇ ಉಂಟು. ಹೊಸ ಡಿಬಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ, ಗುಡುಗಿಗೆ ಎಂತದೋ ಒಂದು ಸಾಧನ, ಎಲ್ಲ ಸೇರಿಸಿ ಬರೆದಿದ್ದಾರೆ. 41ರವರದ್ದು ಒಂದೇ ಸಾಲು, "ತ್ರೀ ಫೇಸ್ ಕೆಲಸ ಪೂರ್ತಿ".

11ನೇ ಮನೆ: ಬ್ಯಾಂಕಲ್ಲಿ 30 ವರ್ಷ ಇದ್ದವ ನಾನು, ಒಂದೇ ಸಾಲಿನ ಬಿಲ್ಲಿಗೆ ಸಹಿ ಹಾಕ್ಲಿಕ್ಕೆ ಮನಸ್ಸಾಗುದಿಲ್ಲ. ಅದರಲ್ಲಿ ಕರೆಂಟ್ ಕಂಪನಿ ಮೆಸ್ಕಾಂಗೆ ಕಟ್ಟುವ ದುಡ್ಡು ಸೇರಿದೆಯಾ ಇಲ್ವಾ?

14ನೇ ಮನೆ: ಒಳ್ಳೆ ಪ್ರಶ್ನೆ ಕೇಳಿದ್ರಿ. ಲೋಡ್ (ಮನೆಗೆ ಮಂಜೂರಾದ ಕಿಲೋವ್ಯಾಟ್) ಏರಿಸುವಾಗ ಕಟ್ಟುವ ಠೇವಣಿ, ಶುಲ್ಕ ಎಲ್ಲ ನಿಮ್ಮ ಹೆಸರಿಗೇ ರಸೀದಿ ಆಗ್ತದೆ. ಅದನ್ನು ನೀವೇ ಕಟ್ಟಿ, ಕೊಟೇಶನಿಂದ ಹೊರಗಿಡಿ. ಉಳಿದದ್ದು ಎರಡೇ, ಸಾಮಾನು ಮತ್ತು ಕೂಲಿ. ಅರ್ಜಿ, ನಕ್ಷೆ, ಕೆಲಸ ಮುಗಿದ ವರದಿಗೆ ಲೈಸೆನ್ಸ್ ಇದ್ದ ಗುತ್ತಿಗೆದಾರರ ಸಹಿ ಬೇಕು. ನನ್ನಂಥವನಿಗೆ ಆ ಓಡಾಟಕ್ಕೆ ಎರಡು ಮೂರು ದಿನದ ಕೆಲಸ ಹೋಗ್ತದೆ. ಅದಕ್ಕೆ ದುಡ್ಡು ತೆಗೊಳ್ಳುದು ತಪ್ಪಲ್ಲ, ಬೇರೆ ಸಾಲಲ್ಲಿ ಬರೀಬೇಕು ಅಷ್ಟೇ.

ಸಾಮಾನಿನ ವಿಷಯ ಹೇಳಿದರೆ ನಮ್ಮವರೇ ಬೈತಾರೆ, ಆದರೂ ಹೇಳ್ತೇನೆ. ಸ್ವಿಚ್‌ಗೇರಿಗೆ (ಡಿಬಿಯೊಳಗಿನ ಸ್ವಿಚ್ಚುಗಳಿಗೆ), ವೈರಿಗೆ ಪಟ್ಟಿಯಲ್ಲಿ ಒಂದು ದರ, ಅಂಗಡಿಯಲ್ಲಿ ಬೇರೆ ದರ. ಎಂಆರ್‌ಪಿ ಹಿಡಿದು ಕೊಟೇಶನ್ ಬರೆದರೆ ನಡುವಿನದ್ದು ನಿಮಗೆ ಕಾಣುದಿಲ್ಲ. ಕಂಪನಿ, ಅಳತೆ ಬರೆಸಿಕೊಂಡು ನೀವೇ ಎರಡು ಅಂಗಡಿಯಲ್ಲಿ ಕೇಳಿ. ತಾಮ್ರದ ರೇಟು ಏರ್ತಾ ಇಳೀತಾ ಇರ್ತದೆ, ಹಾಗಾಗಿ ಹಳೇ ಕೊಟೇಶನ್ ಹಿಡ್ಕೊಂಡು ಜಗಳ ಮಾಡ್ಬೇಡಿ.

9ನೇ ಮನೆ: ಗುಂಪಲ್ಲಿ ಇಷ್ಟು ಉದ್ದ ಬರೆದದ್ದು ಗಣೇಶೋತ್ಸವದ ಲೆಕ್ಕ ಬಿಟ್ಟರೆ ಇದೇ ಮೊದಲು.

3ನೇ ಮನೆ (ಟೀಚರ್): ಅಣ್ಣ, ನಮ್ಮ ಮನೆಗೆ ಎಷ್ಟಾದೀತು? ಒಂದು ಎಸಿ, ಗೀಸರ್, ಬಾವಿಯ ಪಂಪು. ಅಷ್ಟೇ.

14ನೇ ಮನೆ: ಟೀಚರೇ, ಒಂದೂವರೆ ಟನ್ ಎಸಿಗೆ ಸುಮಾರು ಒಂದೂವರೆ ಕಿಲೋವ್ಯಾಟ್, ಗೀಸರಿಗೆ 2, ಒಂದು ಎಚ್‌ಪಿ ಪಂಪಿಗೆ ಮುಕ್ಕಾಲು. ಮೂರೂ ಒಟ್ಟಿಗೆ ಓಡಿದರೂ ನಾಲ್ಕೂಕಾಲು. ನಿಮಗೆ ತ್ರೀ ಫೇಸ್ ಯಾಕೆ? ಸಿಂಗಲ್ ಫೇಸಲ್ಲೇ ಮಂಜೂರಾದ ಲೋಡ್ ಸರಿ ಮಾಡಿಸಿದರೆ ಸಾಕು. ಸುಮ್ಮನೆ ಲೋಡ್ ಏರಿಸಿದರೆ ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ತಿಂಗಳು ತಿಂಗಳು ಬರ್ತದೆ, ಕರೆಂಟ್ ಉರಿಸಿದ್ರೂ ಉರಿಸದಿದ್ರೂ.

ವೋಲ್ಟೇಜ್ ಇಳಿಯುವುದಕ್ಕೆ ನಿಮ್ಮ ಮನೆಯ ವೈರಿಂಗ್ ಕಾರಣ ಅಲ್ಲ ಅಂತ ನನಗೆ ಕಾಣ್ತದೆ. ಈ ಬೀದಿಯ ಹೆಚ್ಚಿನ ಮನೆ ಒಂದೇ ಫೇಸಿಗೆ ಬಿದ್ದಿರಬೇಕು, ಎಲ್ಲರ ಎಸಿಯೂ ಒಟ್ಟಿಗೇ ಆನ್. ನೀವು 40 ಸಾವಿರ ಹಾಕಿದ ಮೇಲೂ ಸ್ಟೆಬಿಲೈಸರ್ ಟಕ್ ಟಕ್ ಅಂದರೆ ಯಾರನ್ನು ಕೇಳುದು? ಮೊದಲು ಎಲ್ಲರೂ ರಾತ್ರಿ ಎಂಟೂವರೆಗೆ ವೋಲ್ಟೇಜ್ ಬರೆದಿಡಿ. ಇರಬೇಕಾದ್ದು 230.

11ನೇ ಮನೆ: ಬೀದಿಯ ಪರವಾಗಿ ಮೆಸ್ಕಾಂ ಸೆಕ್ಷನ್ ಆಫೀಸಿಗೆ ಒಂದು ಮನವಿ ನಾನು ಬರೀತೇನೆ, ಮನೆಗಳನ್ನು ಫೇಸಿಗೆ ಹಂಚಿಕೊಡಿ, ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯ ನೋಡಿ ಅಂತ. ಎಲ್ಲರ ಆರ್‌ಆರ್ ನಂಬರು (ಕರೆಂಟ್ ಬಿಲ್ಲಲ್ಲಿರುವ ಸಂಪರ್ಕದ ನಂಬರು) ಕಳಿಸಿ. ಇಲ್ಲಿ ಹಾಕ್ಬೇಡಿ, ನನಗೆ ಪ್ರತ್ಯೇಕ.

7ನೇ ಮನೆ: ನನಗೆ ಕಾರಿನ ಚಾರ್ಜರ್ ಒಂದೇ 7.2 ಕಿಲೋವ್ಯಾಟಿದ್ದು, ಮನೆಯ ಉಳಿದ ಲೋಡೂ ಸೇರ್ತದೆ, ಹಾಗಾಗಿ ತ್ರೀ ಫೇಸ್ ಬೇಕು. 5 ಮತ್ತು 16ರವರೂ ಫೋನ್ ಮಾಡಿದ್ರು, ಅವರಿಗೂ ಉಂಟು. ಹಾಗಾದರೆ ತ್ರೀ ಫೇಸಿಗೆ ಮೂರು ಮನೆ. 41, 68 ಇಬ್ಬರನ್ನೂ ಆದಿತ್ಯವಾರ ಬೆಳಿಗ್ಗೆ 9ಕ್ಕೆ ಬರಹೇಳ್ತೇನೆ. ಮೂರೂ ಮನೆ ನೋಡಿ, ಸಾಮಾನು, ಕೂಲಿ, ಓಡಾಟ ಬೇರೆ ಬೇರೆ ಬರೆದು ಕೊಡ್ಲಿ. ಮೂರೂ ಮನೆಯ ಅರ್ಥಿಂಗ್ ಗುಂಡಿ ಒಂದೇ ವಾರ ಅಗೆಯುದಾದರೆ ಕೂಲಿ ಸ್ವಲ್ಪ ಕಮ್ಮಿ ಮಾಡಿ ಅಂತಲೂ ಕೇಳುವಾ. ಪೂಜಾರ್ರೇ, ನೀವು ಜೊತೆಗೆ ನಿಲ್ತೀರಾ?

14ನೇ ಮನೆ: ನಿಲ್ತೇನೆ, ಮಾತಾಡುದಿಲ್ಲ. ಮಳೆ ಹಿಡಿಯುವ ಮೊದಲು ಗುಂಡಿ ಆಗ್ಬೇಕು. 16ರವರೇ, ನಿಮ್ಮ ನಾಯಿಯನ್ನು ಕಟ್ಟಿ. ಹೋದ ಸಲ ಮೀಟರ್ ನೋಡ್ಲಿಕ್ಕೆ ಬಂದು ನನ್ನ ಒಂದು ಪ್ಯಾಂಟ್ ಹೋಗಿದೆ.